ಎದುರು ನಿಲ್ಲುವವರು

ತೌನೊ ಮೊಬೈಲಿನಲ್ಲಿ ಪಣ ಕಟ್ಟಲು ಹೆಬ್ಬೆರಳು ಎತ್ತಿದರೆ ಸಾಕು, ಕೆನಡಾದ ಐಸ್ ಹಾಕಿ ಆಟಗಾರರಿಗೆಲ್ಲ ಮೊಣಕಾಲು ನಡುಗುತ್ತಿತ್ತಂತೆ. ಹಾಗಂತ ಅವನೇ ಹೇಳುತ್ತಿದ್ದ, ಥಂಡರ್ ಬೇ ಊರಿನ ಪಬ್ಬಿನಲ್ಲಿ, ನಮ್ಮೂರ ತಂಡದ ಕೆಂಪು ಜೆರ್ಸಿ ತೊಟ್ಟು. "ನಮ್ಮ ಗೋಲ್‌ಕೀಪರ್ ನನ್ನ ಕೇಳ್ದೆ ಪ್ಯಾಡ್ ಕಟ್ಟಲ್ಲ, ಗೊತ್ತಾ?"

ಬಿಯರ್ ಇಡಲು ಬಗ್ಗಿದ ಪಬ್ಬಿನ ಪರಿಚಾರಕಿ ಮಾರ್ಲೀನ್ ಅವನ ಮೊಬೈಲ್ ನೋಡಿಬಿಟ್ಟಳು. "ಏನಪ್ಪಾ ತೌನೊ, ಈ ಜೆರ್ಸಿ ಹಾಕ್ಕೊಂಡು ನಮ್ಮೋರೇ ಸೋಲ್ತಾರೆ ಅಂತ ಕಟ್ಟಿದ್ಯಾ? ಇಲ್ಲಿ ಇದಕ್ಕಿಂತ ಸಣ್ಣ ತಪ್ಪಿಗೆ ಹಲ್ಲು ಉದುರಿವೆ."

"ಮೆಲ್ಲಗೆ ಮಾತಾಡೇ ತಾಯಿ. ಅದೊಂದು ತಂತ್ರ."

"ಪ್ರತಿ ಪಂದ್ಯಕ್ಕೂ ಇದೇ ತಂತ್ರಾನಾ?" ಎನ್ನುತ್ತ ಅವಳು ಬೆರಳಿನಿಂದ ಹಳೆಯ ಪಣಗಳನ್ನು ಸರಿಸಿದಳು. ಎಲ್ಲವೂ ನಮ್ಮ ತಂಡದ ವಿರುದ್ಧವೇ.

ತೌನೊ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. "ಈ ಆ್ಯಪಲ್ಲಿ ಪಣ ಜನರ ಜೊತೆಗೇ ಕಟ್ಟೋದು; ನಾನು ಒಂದು ತಂಡ ಗೆಲ್ತದೆ ಅಂದ್ರೆ, ಇನ್ಯಾರೋ ಅದೇ ತಂಡ ಸೋಲ್ತದೆ ಅಂತ ಕಟ್ಬೇಕು. ಆಗ್ಲೇ ಪಣ ಕೂಡೋದು. ಮೊದಲು ನಮ್ಮೋರು ಗೆಲ್ತಾರೆ ಅಂತಲೇ ಕಟ್ಟಿದ್ದೆ. ಪಂದ್ಯ ಮುಗಿದ್ರೂ ಎದುರಿಗೆ ಯಾರೂ ಬರ್ಲಿಲ್ಲ, ಆ ಪಣಗಳೆಲ್ಲ ಅಳಿಸಿಹೋದ್ವು. ಸೋಲ್ತಾರೆ ಅಂದೆ ನೋಡು, ತಕ್ಷಣ ಯಾರೋ ಬಂದು ಎದುರು ನಿಂತ್ರು. ಹೆಸರು ಗೊತ್ತಿಲ್ಲ. ನಿನ್ನ ಬಿಟ್ರೆ ಮಾರ್ಲೀನ್, ನನ್ನ ಮಾತಿಗೆ ಉತ್ತರ ಕೊಡೋರು ಅವರೊಬ್ರೇ."