ಪಟ್ಟಿಯಲ್ಲಿ ಉಳಿದ ಹೆಸರು

ಯಂತ್ರದ ಹೃದಯ ಹಾಕಿಸಿಕೊಂಡ ಮಹಾಪ್ರಭುಗಳಿಗೆ ಆ ವಾರ ಇನ್ನೂರ ಹದಿಮೂರು ವರ್ಷ ತುಂಬಿತ್ತು. ಅವರನ್ನು ಹೆಸರು ಹಿಡಿದು ಕರೆಯುವುದು ಅಪರಾಧವಾಗಿ ನೂರು ವರ್ಷ ದಾಟಿತ್ತು.

ಭಾನುವಾರ ಆರಾಧನೆಗೆ ಮುಂಚೆ ಅಧಿಕಾರಿಯೊಬ್ಬ ಚರ್ಚಿಗೆ ಬಂದು, ಸಭೆಯ ಹಿರಿಯಳಾದ ಸಲೋಮಿಬಾಯಿಯ ಪ್ರಾರ್ಥನೆಯ ಪಟ್ಟಿ ನೋಡಿದ.

"ಆಳುವವರಿಗಾಗಿ ಅನ್ನೋ ಸಾಲು ತೆಗೀರಿ ಅಮ್ಮಾರ. ಮಹಾಪ್ರಭುಗಳ ಮ್ಯಾಲ ಯಾರೂ ಇಲ್ಲ. ಅವರ ಸಲುವಾಗಿ ಯಾರನ್ನ ಬೇಡ್ತೀರಿ?"

"ನಮ್ಮ ಮುತ್ತಜ್ಜಿ ಕಾಲದಿಂದ ಬೇಡಕೋತ ಬಂದೀವಿ ಸಾಹೇಬ್ರ. ಇವತ್ತೂ ಬೇಡ್ತೀವಿ."

"ಹಂಗಾದ್ರ ಬಾಗಿಲಿಗೆ ಮುದ್ರೆ ಬೀಳ್ತದ."

"ಬೀಳಲಿ. ಆರಾಧನೆ ಮುಗಿಯೋ ತನಕ ಕೂಡ್ರಿ."

ಅವಳು ಎದ್ದು ಪಟ್ಟಿ ಓದಿದಳು. ಮಂಡಿನೋವಿನ ಯೋಬಣ್ಣ, ಹೆರಿಗೆಗೆ ಹೋದ ರೂತ್, ಆಮೇಲೆ ಅದೇ ದನಿಯಲ್ಲಿ, "ನಮ್ಮನ್ನು ಆಳಲು ನೀನು ನೇಮಿಸಿದ ನಿನ್ನ ಸೇವಕ ಬಾಳಪ್ಪನಿಗೆ, ಕರ್ತನೇ, ಒಳ್ಳೆಯ ಬುದ್ಧಿ ಕೊಡು. ನೀನು ಕರೆಯುವ ದಿನ ಅವನು ಹೆದರದಿರಲಿ."

ಅಧಿಕಾರಿ ಬೆಚ್ಚಿ ತಲೆಯೆತ್ತಿದ. ಮಹಾಪ್ರಭುಗಳ ಹೆಸರನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಎಲ್ಲರೂ ಹೊರಬಂದ ಮೇಲೆ ಅವನು ಬಾಗಿಲಿಗೆ ಮುದ್ರೆ ಒತ್ತಿದ. ಸಲೋಮಿಬಾಯಿ ಮೆಟ್ಟಿಲ ಮೇಲೆ ಕೂತು, ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ತೆಗೆದಳು.

"ನಿಮ್ಮ ಹೆಸರೇನ್ರಿ ಸಾಹೇಬ್ರ? ಬರೋ ಭಾನುವಾರ ಇಲ್ಲೇ ಕೂತು ಓದ್ತೀನಿ."