ಅಂಗೈ ಅಡಿಯ ತಾರೀಖು

"ಆ ಕೆಂಪ ಎಚ್ಚರಿಕಿ ಮತ್ತ ಬಂತು ನೋಡು! ಯಾವ ಪೇಜ್ ತೆಗದ್ರೂ ಸುರಕ್ಷಿತ ಅಲ್ಲ ಅಂತದ. ನಿನಗ ರಿಪೇರಿ ಬರ್ತದೋ ಇಲ್ಲೋ?" ಔರಾದಿನ ಕುರಿಗಾರರ ಸಂಘದ ಗುಮಾಸ್ತ ಅನೀಲಕುಮಾರ, ಕಂಪ್ಯೂಟರ್ ನೋಡಲು ಬೀದರದಿಂದ ಬಂದ ರುಖ್ಸಾರಳ ಮೇಲೆ ಹರಿಹಾಯ್ದ. ಬಾಗಿಲಲ್ಲಿ ನಿಂತಿದ್ದ ಮುದುಕ ಧೊಂಡಿಬಾನಿಗೂ ಗದರಿದ: "ಕುರಿ ಸಾಲದ ಅರ್ಜಿಗಿ ಕೊನೀ ದಿನ ಜೂನ್ ಹದಿನೈದು. ಈಗ ಆಗಸ್ಟ್. ಕುರಿ ಹಿಂದ ತಿರಗೋರಿಗಿ ತಾರೀಖ ಎಲ್ಲಿ ತಿಳೀತದ? ನಡಿ."

ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಬ್ರೌಸರ್ ಯಾವ ಪುಟವನ್ನೂ ನಂಬುವುದಿಲ್ಲ. ಅದಕ್ಕೇ ರುಖ್ಸಾರ ಮೊದಲು ಪರದೆಯ ಕೆಳಮೂಲೆಯತ್ತ ಬಗ್ಗಿದಳು. ಅಷ್ಟರಲ್ಲಿ ಅನೀಲಕುಮಾರನ ಅಂಗೈ ಆ ಮೂಲೆಯ ಮೇಲೆ ಪಟ್ಟನೆ ಬಿತ್ತು. "ಅದು ಬರೋಬರಿ ಅದ. ಮುಟ್ಟಬ್ಯಾಡ."

ಎದುರು ಕೂತು ಚಹಾ ಹೀರುತ್ತಿದ್ದ ತನ್ನ ಭಾಮೈದನಿಗಾಗಿ ಅವನು ಇಂಟರ್ನೆಟ್ ಬೇಡದ ಸಂಘದ ಸಾಫ್ಟ್‌ವೇರಿನಲ್ಲಿ ಆಗಷ್ಟೇ ತೆಗೆದಿದ್ದ ಅರ್ಜಿಯ ರಸೀದಿ ಪ್ರಿಂಟರಿನಲ್ಲಿತ್ತು. ಅದರ ಮೇಲೆ ಜೂನ್ ಹತ್ತು ಎಂದಿತ್ತು. ರುಖ್ಸಾರಳಿಗೆ ಸಿಟ್ಟಲ್ಲ, ಹೇಸಿಗೆ ಬಂತು. ತಾರೀಖನ್ನು ತಾನೇ ಹಿಂದಕ್ಕೆ ತಿರುಗಿಸಿ, ರಿಪೇರಿಗೆ ಅವಳನ್ನು ಕರೆಸಿದ್ದ ಈ ಜಾಣ.

ಅವಳು ಕುರ್ಚಿಯೊಂದನ್ನು ಎಳೆದು ಬಾಗಿಲ ಕಡೆ ತಿರುಗಿದಳು.

"ಕಾಕಾ, ಒಳಗ ಬಂದು ಕೂಡ್ರಿ. ಸಾಹೇಬ್ರ ಕಂಪ್ಯೂಟರದಾಗ ಇವತ್ತ ಜೂನ್ ಹತ್ತು ಅದ. ನಿಮಗ ಇನ್ನಾ ಐದು ದಿನ ಟೈಮ್ ಅದ ರೀ."