ಕಾಯಂ ಗಿರಾಕಿ

ಎದುರಿನ ನಿಲ್ದಾಣಕ್ಕೆ ಬಸ್ಸು ಬಂದು ನಿಂತಾಗಿತ್ತು. ಹೊರಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಗಡಿಯಾರ ರಿಪೇರಿಯವನು ತನ್ನ ಚೀಲವನ್ನು ಕಾಲಿನಿಂದ ಮೇಜಿನಡಿಗೆ ಇನ್ನಷ್ಟು ತಳ್ಳಿದ. ಅದು ಕಾಫಿ ಅಂಗಡಿಯ ಮುದುಕಿಯ ಕಣ್ಣಿಗೆ ಬೀಳಬಾರದು. ಮೊದಲು ಹೊರಡುವ ಮಾತು ಹೇಳಬೇಕು.

ಅವನ ಹೆಂಡತಿ ನರ್ಸು. ಬೇರೆ ಊರಿನ ಆಸ್ಪತ್ರೆಗೆ ಸೇರಿ, ಅಲ್ಲೇ ಮನೆ ಹಿಡಿದು, ಇವನಿಗೊಂದು ಅಂಗಡಿಯನ್ನೂ ಗೊತ್ತುಮಾಡಿದ್ದಳು. ಇವನು ವಾರಕ್ಕೊಂದು ನೆಪ ಹೇಳುತ್ತಾ ಇಲ್ಲೇ ಉಳಿದಿದ್ದ. ಇಂದು ಬೆಳಿಗ್ಗೆ ಫೋನಿನಲ್ಲಿ ಅವಳ ದನಿ ತಣ್ಣಗಿತ್ತು. "ಸಂಜೆ ಬಸ್ಸಿಗೆ ಬಂದ್ರೆ ಬಾ. ಇಲ್ದಿದ್ರೆ ಆ ಅಜ್ಜಿ ಕಾಫಿ ಕುಡ್ಕೊಂಡು ಅಲ್ಲೇ ಇರು. ಇನ್ನು ನಾನು ಕರೆಯಲ್ಲ."

ಕಾಫಿಯೂ ಚೆನ್ನಾಗಿರಲಿಲ್ಲ ಎಂಬುದು ಬೇರೆ ಮಾತು.

ಆದರೆ ಅಂಥ ಅಂಗಡಿ ಇನ್ನೊಂದಿರಲಿಲ್ಲ. ಹೊರಗೆ ಬೋರ್ಡಿಲ್ಲ. ಒಳಗೆ ಒಂದೇ ಮೇಜು, ಒಂದಕ್ಕೊಂದು ಜೋಡಿಯಾಗದ ಎರಡು ಕುರ್ಚಿ. ಗೋಡೆಯ ತುಂಬ ಬರೀ ಮೊಳೆ. ಕಾಫಿ ಒಂದು ದಿನ ಲೋಟದಲ್ಲಿ, ಇನ್ನೊಂದು ದಿನ ಡಬ್ಬಿಯ ಮುಚ್ಚಳದಲ್ಲಿ. ಬೆಲೆ ಕೇಳಿದರೆ ಮುದುಕಿ ಸುಮ್ಮನೆ ಕೈ ಬೀಸುತ್ತಿದ್ದಳು. ಈ ಹುಚ್ಚಾಟವೆಲ್ಲ ಅವನಿಗೆ ಮೊದಲ ದಿನವೇ ಹಿಡಿಸಿಬಿಟ್ಟಿತ್ತು.

ಅವನ ಅಪ್ಪ ತೀರಿಹೋದ ವಾರ ಅದು. ತೆರೆದ ಬಾಗಿಲು ಕಂಡು ಒಳಗೆ ಬಂದು ಕುಸಿದು ಕೂತಿದ್ದ. ಕಾಫಿ ಕೇಳುವಷ್ಟರಲ್ಲಿ ಅಳು ಒತ್ತರಿಸಿ ಬಂದಿತ್ತು. ಮುದುಕಿ ಏನೋ ಹೇಳಲು ಬಾಯಿ ತೆರೆದವಳು, ಹೇಳದೆ ಒಳಗೆ ಹೋಗಿ ಒಲೆ ಹಚ್ಚಿದ್ದಳು. ಹೊರಡುವಾಗ ಅವನು, ಈ ಜಾಗ ಇರದಿದ್ದರೆ ತಾನು ಇವತ್ತು ಏನಾಗುತ್ತಿದ್ದೆನೋ ಎಂದಿದ್ದ. ಆಮೇಲೆ ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ.

ದುಃಖವೇನೋ ಕರಗಿತು. ಅಂಗಡಿ ಬಿಡಲಿಲ್ಲ. ಇನ್ನೊಬ್ಬ ಗಿರಾಕಿಯನ್ನು ಅವನು ಅಲ್ಲಿ ಕಂಡೇ ಇರಲಿಲ್ಲ. ತಾನೂ ಬಿಟ್ಟರೆ ಅಂಗಡಿ ಮುಚ್ಚುತ್ತದೆ, ಅಂಗಡಿ ಮುಚ್ಚಿದರೆ ಮುದುಕಿ ಹಾಸಿಗೆ ಹಿಡಿಯುತ್ತಾಳೆ. ಪ್ರತಿ ಸಂಜೆ ಬಾಗಿಲವರೆಗೂ ಬಂದು ಕೇಳುತ್ತಿದ್ದಳು, "ನಾಳೆನೂ ಬರ್ತೀಯೇನಪ್ಪಾ?" ಆ ದನಿಗೆ ಕಲ್ಲೂ ಕರಗಬೇಕು. ಖಂಡಿತ ಬರುತ್ತೇನೆ ಎನ್ನುತ್ತಿದ್ದ. ತನಗೆ ಮದುವೆಯಾಗಿರುವುದನ್ನೂ ಹೇಳಿರಲಿಲ್ಲ. ಹೇಳಿದರೆ, ಇವತ್ತಲ್ಲ ನಾಳೆ ಬಿಟ್ಟುಹೋಗುತ್ತಾನೆಂದು ಕೊರಗಿಯಾಳು ಎಂಬ ಭಯ.

ಮುದುಕಿ ಎದುರಿನ ಕುರ್ಚಿಯಲ್ಲಿ ಕೂತಳು. "ಯಾಕೋ, ಇಂಗು ತಿಂದ ಮಂಗನ ಹಾಗೆ ಕೂತಿದೀಯ?"

ಹೊರಗೆ ಡ್ರೈವರ್ ಹಾರ್ನ್ ಒತ್ತಿದ. ಗಡಿಯಾರದವನು ಕಣ್ಣು ಮುಚ್ಚಿ ಹೇಳಿಬಿಟ್ಟ. "ಅಮ್ಮಾ, ನಾಳೆಯಿಂದ ನಾನು ಬರಲ್ಲ."

ಮುದುಕಿಯ ಎರಡೂ ಕಣ್ಣಿಂದ ನೀರು ದಳದಳ ಇಳಿಯಿತು.

"ನಿಜವಾಗ್ಲೂ?" ಎಂದಳು.

ಅವನು ಬೆಳಗಿನಿಂದ ಕಟ್ಟಿಕೊಂಡಿದ್ದ ಧೈರ್ಯವೆಲ್ಲ ನೀರಿಗೆ ಬಿದ್ದ ಉಪ್ಪಿನಂತಾಯಿತು.

"ಇಲ್ಲಮ್ಮಾ, ತಮಾಷೆಗೆ ಅಂದೆ. ನಾನೆಲ್ಲಿಗೆ ಹೋಗ್ಲಿ? ನಿಮ್ಮನ್ನ ಬಿಟ್ರೆ ನನಗೆ ಇನ್ಯಾರಿದಾರೆ?"

ಮುದುಕಿ ಅಂಗೈಯಿಂದ ಕಣ್ಣೊರೆಸಿಕೊಂಡು, ಇನ್ನೊಂದು ಕಾಫಿ ತರುತ್ತೇನೆಂದು ನಿಧಾನವಾಗಿ ಎದ್ದಳು. ಕಿಟಕಿಯಾಚೆ ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವನು ನೋಡುತ್ತಾ ಕೂತ.

ಒಳಗೆ ಮುದುಕಿ ಹಾಲು ಒಲೆಯ ಮೇಲಿಟ್ಟು, ತಂಗಿಗೆ ಫೋನ್ ಮಾಡಿ, ದನಿ ತಗ್ಗಿಸಿ ಹೇಳಿದಳು. "ಈ ಸಲಾನೂ ನಿಮ್ಮನೆಗೆ ಬಂದು ಇರೋಕಾಗಲ್ಲ ಕಣೇ. ನಾನು ಅಂಗಡಿ ಮುಚ್ಚಿ ಸಾಮಾನು ಮಾರಿದ ಮಾರನೇ ದಿನ ಅಳ್ತಾ ಬಂದು ಕೂತ್ನಲ್ಲ ಆ ಹುಡುಗ, ಪಾಪ, ಅವನಿಗೆ ಇನ್ಯಾರೂ ಇಲ್ವಂತೆ."